ಎದುರು ಮನೆಯ ಗೂಟಕ್ಕೆ ಕೊಡೆ

ಎದುರು ಮನೆಗೆ ಹೊಸದಾಗಿ ಬಂದವಳು ತನ್ನ ಬಾಗಿಲ ಗೂಟಕ್ಕೆ ಕೊಡೆ ನೇತುಹಾಕಿದ್ದನ್ನು ನಮ್ಮ ಬೀದಿಯಲ್ಲಿ ಮೊದಲು ನೋಡಿದವಳು ನಾನೇ. ಬೇರೆ ಯಾರಾದರೂ ನೋಡಿದ್ದರೆ ಅದು ಬರೀ ಕೊಡೆಯಾಗಿಯೇ ಉಳಿಯುತ್ತಿತ್ತು ಎಂದು ನಮ್ಮ ಯಜಮಾನರು ಈಗಲೂ ಚುಚ್ಚುತ್ತಾರೆ. ಅವರ ಮಾತು ಬಿಡಿ. ಮನೆಗೆ ಕಳ್ಳ ನುಗ್ಗಿದರೂ ಪಾಪ, ದಾರಿ ತಪ್ಪಿರಬೇಕು ಎನ್ನುವ ಪೈಕಿ ಅವರು. ಅನುಮಾನ ಪಡುವ ಕೆಲಸವನ್ನೆಲ್ಲ ಮದುವೆಯಾದಾಗಿನಿಂದ ನಾನೊಬ್ಬಳೇ ಮಾಡಿಕೊಂಡು ಬಂದಿದ್ದೇನೆ.

ನಮ್ಮೂರಿನಲ್ಲಿ ಮನುಷ್ಯರ ಮಾತು ಹೊಸ್ತಿಲು ದಾಟುವುದಿಲ್ಲ. ಬೀದಿಯಲ್ಲಿ ನಿಂತವರು ಬೀದಿಯಲ್ಲಿ ನಿಂತವರ ಜೊತೆ ಎಷ್ಟಾದರೂ ಹರಟಬಹುದು, ಒಳಗಿರುವವರು ಒಳಗಿರುವವರ ಜೊತೆ ಜಗಳವಾಡಬಹುದು. ಆದರೆ ಒಳಗಿನಿಂದ ಕೂಗಿದ್ದು ಹೊರಗೆ ಕೇಳದು, ಹೊರಗಿನಿಂದ ಕರೆದದ್ದು ಒಳಗೆ ಬಾರದು. ಪಾತ್ರೆ ಬಿದ್ದ ಸದ್ದು ದಾಟುತ್ತದೆ, ನಾಯಿ ಬೊಗಳಿದ್ದು ದಾಟುತ್ತದೆ, ಒಗ್ಗರಣೆ ಸಿಡಿದದ್ದೂ ದಾಟುತ್ತದೆ. ಮಾತು ಮಾತ್ರ ಇಲ್ಲ. ಹಾಗಾಗಿ ಕಿಟಕಿಯಲ್ಲಿ ಎದುರು ಮನೆಯವರ ತುಟಿ ಅಲ್ಲಾಡುವುದು ಕಾಣುತ್ತದೆ, ನಕ್ಕಿದ್ದು ಕಾಣುತ್ತದೆ, ನಕ್ಕು ನಮ್ಮ ಮನೆಯ ಕಡೆ ನೋಡಿದ್ದೂ ಕಾಣುತ್ತದೆ. ಏನಂದರು ಎಂಬುದು ದೇವರಿಗೇ ಗೊತ್ತು. ಇಂಥ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಅನುಮಾನ ಬರದಿದ್ದರೆ ಅವಳನ್ನು ವೈದ್ಯರಿಗೆ ತೋರಿಸಬೇಕು.

ಅದಕ್ಕೇ ಪ್ರತಿ ಮನೆಯ ಬಾಗಿಲ ಪಕ್ಕ, ಬೀದಿಗೆ ಕಾಣುವ ಹಾಗೆ, ಗೋಡೆಗೆ ಒಂದು ಮರದ ಗೂಟ. ಸೌಟು ನೇತುಹಾಕಿದರೆ ಸಾರು ಹೆಚ್ಚಾಗಿದೆ, ಪಾತ್ರೆ ತನ್ನಿ ಎಂದು. ಮೊರ ಹಾಕಿದರೆ ಕಾಯಿಲೆಯವರಿದ್ದಾರೆ, ಬರಬೇಡಿ ಎಂದು. ಬೋರಲು ಚೊಂಬು ಕಂಡರೆ ಮನೆಯಲ್ಲಿ ಯಾರೂ ಇಲ್ಲ. ಮದುವೆ ಮನೆಯವರು ಬಂದು ನಿಮ್ಮ ಗೂಟಕ್ಕೆ ಅರಿಶಿನದ ಕೊಂಬು ಕಟ್ಟಿದರೆ ನಿಮ್ಮನ್ನು ಕರೆದ ಹಾಗೆ, ಕಟ್ಟದೆ ಮುಂದೆ ಹೋದರೆ ಕರೆಯದ ಹಾಗೆ. ಇದನ್ನೆಲ್ಲ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಕಲಿತದ್ದು. ಗೂಟದ ಮೇಲಿನದಕ್ಕೆ ಅರ್ಥವೇನು ಎಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಹೀನಾಯ. ಗೂಟದಲ್ಲಿ ಹೇಳಿದ್ದನ್ನು ಮತ್ತೆ ಬಾಯಲ್ಲಿ ಹೇಳುವುದಂತೂ ಇನ್ನೂ ಹೀನಾಯ.

ಕೊಡೆ ಮಾತ್ರ ನಮ್ಮ ಯಾರ ಗೂಟದ ಮೇಲೂ ಯಾವತ್ತೂ ಇರಲಿಲ್ಲ. ಕಪ್ಪು ಕೊಡೆ, ಮರದ ಹಿಡಿ, ಮಡಚಿ ಗುಂಡಿ ಹಾಕಿದ್ದು. ಅದರ ಚೂಪು ತುದಿ ಸ್ವಲ್ಪ ಓರೆಯಾಗಿ ನಮ್ಮ ಮನೆಯ ಕಡೆ ತಿರುಗಿತ್ತು. ನಾನು ಅದನ್ನು ನೋಡಿದೆ, ತಲೆ ಎತ್ತಿ ನಮ್ಮ ಹೊಸ ಮಹಡಿಯನ್ನು ನೋಡಿದೆ, ಮತ್ತೆ ಕೊಡೆಯನ್ನು ನೋಡಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆ ಯಾರಿಗೆ ಗೊತ್ತಿಲ್ಲ?

"ನಮಗೇ ಹೇಳ್ತಿದಾಳೆ ನೋಡಿ," ಎಂದೆ ಒಳಗೆ ಬಂದು.

ಯಜಮಾನರು ಉಪ್ಪಿಟ್ಟು ತಿನ್ನುತ್ತಿದ್ದರು. "ಏನಂತೆ?"

"ಅಲ್ಪನಿಗೆ ಐಶ್ವರ್ಯ ಬಂತು ಅಂತೆ."

"ಐಶ್ವರ್ಯ ಎಲ್ಲಿ ಬಂತು? ಮಹಡಿ ಮೇಲೆ ಒಂದು ರೂಮು ಬಂತು. ಅದೂ ಸೋರತ್ತೆ," ಎಂದು ಅವರು ಇನ್ನೊಂದು ಚಮಚ ಬಡಿಸಿಕೊಂಡರು.

ನಮ್ಮದು ಬೀದಿಯ ಮೊದಲ ಮಹಡಿ. ಹಿರಿಯರ ಜಮೀನಿನ ಪಾಲು ಬಂತು, ಅದರಲ್ಲಿ ಕಟ್ಟಿಸಿದೆವು ಎಂದು ಬೀದಿಗೆಲ್ಲ ಹೇಳಿದ್ದೆ. ನಿಜವಾಗಿ ಅದು ಯಜಮಾನರಿಗೆ ಬಂದ ಲಾಟರಿಯ ಬಹುಮಾನ. ಲಾಟರಿ ಎಂದರೆ ಜನ ಅದೃಷ್ಟ ಎನ್ನುತ್ತಾರೆ, ಜಮೀನು ಎಂದರೆ ಮನೆತನ ಎನ್ನುತ್ತಾರೆ. ಎರಡರಲ್ಲಿ ಯಾವುದು ಬೇಕು ಎಂದು ನನಗೆ ಗೊತ್ತಿತ್ತು. ಈ ಗುಟ್ಟು ನಮ್ಮಿಬ್ಬರನ್ನು ಬಿಟ್ಟು ಗೊತ್ತಿದ್ದದ್ದು ಒಬ್ಬಳಿಗೇ, ಪಕ್ಕದ ಮನೆಯ ತುಂಗಿಗೆ.

ತುಂಗಿ ಯಾರು ಎಂದು ಹೇಗೆ ಹೇಳಲಿ? ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು ನಾವು. ಅವಳಿಗೆ ಬಾಣಂತಿತನದಲ್ಲಿ ಜ್ವರ ಬಂದು ಹಾಲು ಬತ್ತಿಹೋದಾಗ ಇಂದು ಎಂಬ ಹೆಸರಿನ ಅವಳ ಮಗಳು ನನ್ನ ಮಗನ ಪಾಲಿನ ಹಾಲು ಕುಡಿದು ಬೆಳೆದಳು. ಇವಳ ಮದುವೆಯಲ್ಲಿ ಮೊದಲ ಅರಿಶಿನ ಹಚ್ಚುವ ಕೈ ನಿನ್ನದೇ ಕಣೇ ಎಂದು ತುಂಗಿ ಆಗಲೇ ಹೇಳಿದ್ದಳು. ಅಂಥ ತುಂಗಿಯ ಮೇಲೆ ಅನುಮಾನ ಪಡಲು ನನಗೇನೂ ಖುಷಿ ಇರಲಿಲ್ಲ. ಆದರೆ ಎದುರು ಮನೆಯ ವಾರಿಜ ಊರಿಗೆ ಬಂದು ವಾರವೂ ಆಗಿರಲಿಲ್ಲ. ನಮ್ಮ ಐಶ್ವರ್ಯದ ವಿಷಯ ಅವಳಿಗೆ ಹೇಳಿದವರು ಯಾರು?

ಬೀದಿಗೂ ಕೊಡೆ ನುಂಗಲಾರದ ತುತ್ತಾಗಿತ್ತು. ಮೂಲೆ ಅಂಗಡಿಯ ರಂಗಪ್ಪಣ್ಣ, ಮುಚ್ಚಿದ ಕೊಡೆ ಅಂದರೆ ಮುಚ್ಚಿದ ಬಾಯಿ, ಇವರಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದ. ಹಿಂದಿನ ಸಾಲಿನ ಸಣ್ಣಮ್ಮ, ಬಿಸಿಲಿದ್ದಾಗ ಇರುತ್ತದೆ, ಮಳೆ ಬಂದಾಗ ಇರುವುದಿಲ್ಲ, ಇದು ಕಷ್ಟಕಾಲದಲ್ಲಿ ಕೈಕೊಟ್ಟವರನ್ನು ಕುರಿತದ್ದು ಎಂದಳು. ಎಂದವಳು ಯಾಕೋ ತನ್ನ ನಾದಿನಿಯ ಮುಖ ನೋಡಿದಳು, ನಾದಿನಿ ಅವಳ ಮುಖ ನೋಡಿದಳು. ಸಾಲದ್ದಕ್ಕೆ ವಾರಿಜ ಮನೆಯೊಳಗೆ ನಿಂತು ಹೋಗಿ ಬರುವವರ ಕಡೆ ಬಾಯಿ ಅಗಲಿಸಿ ಏನೇನೋ ಅನ್ನುತ್ತಿದ್ದಳು. ಅವಳ ಊರಿನಲ್ಲಿ ಮಾತು ಹೊಸ್ತಿಲು ದಾಟುತ್ತದಂತೆ, ಹೀಗಾಗಿ ಅವಳು ನಮ್ಮನ್ನೆಲ್ಲ ಕಾಫಿಗೆ ಕರೆಯುತ್ತಿದ್ದಳಂತೆ. ಅದು ಗೊತ್ತಾದದ್ದು ಆಮೇಲೆ. ಆಗ ಬೈಯುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದು, ತಲೆ ತಗ್ಗಿಸಿಕೊಂಡು ಬಿರಬಿರನೆ ಹೋಗುತ್ತಿದ್ದೆವು.

ಒಂದು ಮಧ್ಯಾಹ್ನ ತುಂಗಿ ಆ ಮನೆಯೊಳಗೆ ಹೋದಳು. ನಾನು ಮಹಡಿಯ ಕಿಟಕಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ವಾರಿಜ ನಮ್ಮ ಮಹಡಿಯ ಕಡೆ ಕೈ ಮಾಡಿ ಏನೋ ಕೇಳಿದಳು. ತುಂಗಿ ತಿರುಗಿ ನೋಡಿ, ಏನೋ ಹೇಳಿ, ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವರೆಕಾಯಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗೆ ಬಂದೆ. ಹಿತ್ತಲಲ್ಲಿ ಒಂದು ನೂಲಿನ ಹಗ್ಗ ಬಿದ್ದಿತ್ತು. ಅದಕ್ಕೆ ಬಿಗಿಯಾಗಿ ಒಂದು ಗಂಟು ಹಾಕಿ ನಮ್ಮ ಗೂಟಕ್ಕೆ ನೇತುಹಾಕಿದೆ.

ಗಂಟಿನ ಹಗ್ಗ ಹಾಕುವುದು ನಮ್ಮೂರಿನಲ್ಲಿ ಹುಡುಗಾಟದ ಮಾತಲ್ಲ. ನನ್ನ ಮನಸ್ಸು ನೋಯಿಸಿದವರು ಈ ಬೀದಿಯಲ್ಲಿದ್ದಾರೆ ಎಂದು ಅದರ ಅರ್ಥ. ಯಾರು ಎಂದು ಹೇಳುವಂತಿಲ್ಲ, ತಪ್ಪು ಮಾಡಿದವರಿಗೆ ಗೊತ್ತೇ ಇರುತ್ತದೆ. ಅವರೇ ಬಂದು ಬೀದಿಯ ಕಣ್ಣೆದುರು ಗಂಟು ಬಿಚ್ಚಬೇಕು. ಬಿಚ್ಚಿದರೆ ಒಪ್ಪಿಕೊಂಡ ಹಾಗೆ. ಆಮೇಲೆ ಎಲ್ಲರೂ ಅವರ ಕೈಗೆ ಸಕ್ಕರೆ ಕೊಟ್ಟು ಆ ವಿಷಯ ಮರೆಯಬೇಕು. ಕಟ್ಟಿದವರೇ ಬಿಚ್ಚಿದರೆ ಸುಳ್ಳು ದೂರು ಹೊರಿಸಿದ ಹಾಗೆ, ಅವರ ಗೂಟವನ್ನು ಮತ್ತೆ ಯಾರೂ ನಂಬುವುದಿಲ್ಲ. ಗಂಟು ಇರುವವರೆಗೆ ಆ ಮನೆಯವರ ಜೊತೆ ಬಿಸಿಲು, ಮಳೆ, ತರಕಾರಿ ಬಿಟ್ಟು ಬೇರೇನೂ ಮಾತಾಡುವಂತಿಲ್ಲ. ಗಂಟು ಇರುವ ಗೂಟಕ್ಕೆ ಮಂಗಳದ ವಸ್ತುವನ್ನು ಕಟ್ಟುವಂತೆಯೂ ಇಲ್ಲ.

ಈ ಕೊನೆಯದನ್ನು ನಾನು ಆ ಸಿಟ್ಟಿನಲ್ಲಿ ಯೋಚಿಸಲಿಲ್ಲ. ಇಂದುವಿನ ಮದುವೆ ಗೊತ್ತಾಗಿತ್ತು, ಅರಿಶಿನದ ಕೊಂಬು ಕಟ್ಟುವ ದಿನ ಹತ್ತಿರದಲ್ಲೇ ಇತ್ತು. ನಮ್ಮ ಗೂಟದ ಮೇಲೆ ಹಗ್ಗ ಇದ್ದರೆ ಅವಳಮ್ಮ ನಮ್ಮ ಬಾಗಿಲು ದಾಟಿ ಮುಂದೆ ಹೋಗಬೇಕು. ಮೊದಲ ಅರಿಶಿನವನ್ನು ಇನ್ಯಾರೋ ಹಚ್ಚುತ್ತಾರೆ.

"ಬಿಚ್ಚಿ ಬಿಸಾಕೇ ಅತ್ಲಾಗೆ," ಎಂದರು ಯಜಮಾನರು.

"ನಾನ್ಯಾಕೆ ಬಿಚ್ಲಿ? ಅವಳು ಬಂದು ಬಿಚ್ಲಿ."

"ಅವಳು ಏನೂ ಮಾಡಿಲ್ದೇ ಇದ್ರೆ ಯಾಕೆ ಬಂದು ಬಿಚ್ತಾಳೆ?"

"ಏನೂ ಮಾಡಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದೆ. ಅವರು ಎದ್ದು ಸ್ನಾನಕ್ಕೆ ಹೋದರು. ಆ ಹೊತ್ತಿನಲ್ಲಿ ಸ್ನಾನ ಯಾಕೆ ಎಂದು ಅದರ ಮೇಲೂ ನನಗೆ ಅನುಮಾನ ಬಂತು.

ತುಂಗಿ ಬಿಚ್ಚಲಿಲ್ಲ. ತರಕಾರಿ ಗಾಡಿಯ ಹತ್ತಿರ ಸಿಕ್ಕರೆ, "ಬದನೆಕಾಯಿ ಎಳಸಾಗಿದೆ," ಎನ್ನುತ್ತಿದ್ದಳು. "ಹೂಂ, ಎಳಸಾಗಿದೆ," ಎನ್ನುತ್ತಿದ್ದೆ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮದುವೆಯ ಕೆಲಸದಿಂದಲೋ, ನನ್ನ ಗಂಟಿನಿಂದಲೋ ತಿಳಿಯಲಿಲ್ಲ. ಅತ್ತ ನನ್ನ ಹಗ್ಗ ತನಗೇ ಕಟ್ಟಿದ್ದು ಎಂದು ಸಣ್ಣಮ್ಮ ತಿಳಿದುಕೊಂಡು, ತಾನು ತಪ್ಪು ಮಾಡಿಲ್ಲ ಎಂದು ತೋರಿಸಲು ತನ್ನ ಗೂಟಕ್ಕೂ ಒಂದು ಹಗ್ಗ ಕಟ್ಟಿದಳು. ಅದನ್ನು ನೋಡಿ ನಾದಿನಿ ಇನ್ನೊಂದು ಕಟ್ಟಿದಳು. ರಂಗಪ್ಪಣ್ಣನ ಅಂಗಡಿಯಲ್ಲಿ ಹಗ್ಗಕ್ಕೆ ಎಂದೂ ಇಲ್ಲದ ಗಿರಾಕಿ ಬಂತು. ಸೌಟುಗಳು ಒಳಗೆ ಹೋದವು. ಯಾರ ಮನೆಯ ಸಾರು ಹೆಚ್ಚಾದರೂ ಅವರೇ ರಾತ್ರಿಗೂ ತಿಂದರು. ಇದೆಲ್ಲದರ ನಡುವೆ ವಾರಿಜ ಒಬ್ಬಳೇ ಕೊಡೆ ಹಿಡಿದು ಹೋಗುವಳು, ಬಂದು ಕೊಡೆ ನೇತುಹಾಕುವಳು.

ಒಂದು ಸೋಮವಾರ ಬೆಳಿಗ್ಗೆ ನಾನು ಜಗಲಿ ಒರೆಸುತ್ತಿದ್ದೆ. ವಾರಿಜ ಒದ್ದೆ ಕೈಯಲ್ಲಿ ನೇರ ಬೀದಿ ದಾಟಿ ಬಂದಳು. ನನ್ನನ್ನು ನೋಡಿ ನಕ್ಕಳು. ನಮ್ಮ ಗೂಟದ ಹತ್ತಿರ ಹೋಗಿ, ಹಲ್ಲು ಕಚ್ಚಿ, ಉಗುರು ಹಾಕಿ, ಎಳೆದು ಎಳೆದು ಗಂಟು ಬಿಚ್ಚಿದಳು. ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು, "ಬರ್ತೀನಿ ಅಕ್ಕ," ಎಂದು ಹೋಗಿಯೇಬಿಟ್ಟಳು. ನನ್ನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಬೀದಿಯ ಎಲ್ಲ ಕಿಟಕಿಗಳಲ್ಲಿ ಒಂದೊಂದು ಮುಖ ಇತ್ತು.

ಮಧ್ಯಾಹ್ನದ ಹೊತ್ತಿಗೆ ವಿಷಯ ಇತ್ಯರ್ಥವಾಗಿತ್ತು. ಕೊಡೆ ಕನಕಮ್ಮನ ಮನೆಗೇ ಹಾಕಿದ್ದು, ಹೊಸ ಹೆಂಗಸು ಒಪ್ಪಿಕೊಂಡಳು, ಎಷ್ಟಾದರೂ ದೊಡ್ಡ ಮನಸ್ಸು ಎಂದು ಬೀದಿ ತೀರ್ಮಾನಿಸಿತು. ಕನಕಮ್ಮ ಎಂದರೆ ನಾನೇ. ಒಬ್ಬೊಬ್ಬರಾಗಿ ಸಕ್ಕರೆ ಹಿಡಿದು ಎದುರು ಮನೆಗೆ ಹೋದರು. ಅದೇ ಹುರುಪಿನಲ್ಲಿ ಸಣ್ಣಮ್ಮ, ನಾದಿನಿ, ಉಳಿದವರೂ ಒಬ್ಬರ ಗಂಟನ್ನು ಇನ್ನೊಬ್ಬರು ಬಿಚ್ಚಿದರು. ನನ್ನ ಅನುಮಾನ ನಿಜವಾಯಿತು ಎಂದು ನನಗೆ ಸಂತೋಷವಾಗಬೇಕಿತ್ತು. ಆದರೆ ಇಷ್ಟು ಸಲೀಸಾಗಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆಯೇ? ಸಣ್ಣ ಬಟ್ಟಲಿನಲ್ಲಿ ಸಕ್ಕರೆ ತುಂಬಿಕೊಂಡು ನಾನೂ ಹೋದೆ, ಹೊಸ್ತಿಲು ದಾಟಿ ಒಳಗೇ ಹೋದೆ.

"ಕೂತ್ಕೊಳ್ಳಿ ಅಕ್ಕ," ಎಂದು ವಾರಿಜ ಚಾಪೆ ಹಾಸಿದಳು. ಮೂಲೆಯಲ್ಲಿ ಒಂದು ಡಬ್ಬಿ ತುಂಬ ಸಕ್ಕರೆ. "ಒಂದು ಕೇಳ್ಲಾ? ನಿಮ್ಮೂರಲ್ಲಿ ಹಗ್ಗ ಎರವಲು ತಗೊಂಡ್ರೆ ಸಕ್ಕರೆ ಕೊಡೋದು ಪದ್ಧತಿನಾ?"

"ಹಗ್ಗ ಎರವಲು?"

"ನಮ್ಮ ಬಾವಿ ಹಗ್ಗ ತುಂಡಾಯ್ತಲ್ಲ, ಕೊಡ ಒಳಗೇ ಬಿತ್ತು. ತುಂಗಮ್ಮನ್ನ ಕೇಳ್ದೆ. ಎದುರು ಮನೆ ಗೂಟದಲ್ಲಿ ಸುಮ್ನೆ ನೇತಾಡ್ತಿದೆ, ಗಂಟು ಬಿಚ್ಕೊಂಡು ತಗೊಂಡ್ಹೋಗು, ಕನಕ ಏನೂ ಅನ್ಕೊಳಲ್ಲ ಅಂದ್ರು. ಹೊಸ ಹಗ್ಗ ತಂದ್ಮೇಲೆ ವಾಪಸ್ ಕೊಡ್ತೀನಿ."

ನಾನು ಬಟ್ಟಲನ್ನು ಕೆಳಗಿಟ್ಟೆ. ಕೇಳಬಾರದ್ದನ್ನು ಕೇಳಿಯೇಬಿಟ್ಟೆ. "ಆ ಕೊಡೆ ಯಾಕೆ ಹಾಕಿದೀಯಮ್ಮ?"

"ಗೂಟ ಇತ್ತಲ್ಲ ಅಕ್ಕ. ಕೊಡೆ ಹಾಕೋಕೆ ಅಂತ್ಲೇ ಹೊಡೆದಿರ್ತಾರೆ ಅನ್ಕೊಂಡೆ."

"ಅವತ್ತು ತುಂಗಿ ಬಂದಾಗ, ನಮ್ಮ ಮಹಡಿ ತೋರಿಸಿ ಏನೋ ಕೇಳ್ದೆಯಲ್ಲ. ಏನಂದ್ಳು?"

ವಾರಿಜ ಯೋಚಿಸಿದಳು. "ಆ ಮಹಡಿ ಮನೆ ಯಾರ್ದು ಅಂತ ಕೇಳ್ದೆ. ನಮ್ಮ ಕನಕಂದು ಅಂದ್ರು."

"ಅಷ್ಟೇನಾ?"

"ಅಷ್ಟೇ ಅನ್ಸತ್ತೆ."

ಆ ಅನ್ಸತ್ತೆ ಎಂಬುದು ಇದೆಯಲ್ಲ, ಅದು ನನ್ನನ್ನು ತಿಂದು ಹಾಕಿತು. ನಮ್ಮ ಕನಕಂದು ಎಂದರೆ ನಗುವುದೇಕೆ? ಅದಿರಲಿ, ತಪ್ಪು ಮಾಡದವಳು ಇಂಥ ಕಿತಾಪತಿ ಮಾಡುತ್ತಾಳೆಯೇ? ಏನೂ ಅರಿಯದ ಹೆಂಗಸಿನ ಕೈಯಲ್ಲಿ ಗಂಟು ಬಿಚ್ಚಿಸಿ, ತಾನು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ದೂರ ನಿಂತಳಲ್ಲ. ಒಂದು ಮನಸ್ಸು, ಅವಳು ನಿನ್ನನ್ನು ಮದುವೆಗೆ ಕರೆಯಲು ದಾರಿ ಹುಡುಕಿದ್ದಾಳೆ ಕಣೇ ಎಂದಿತು. ಇನ್ನೊಂದು ಮನಸ್ಸು, ಕಳ್ಳಿ ಎಂದಿತು. ನಾನು ಯಾವಾಗಲೂ ಎರಡನೆಯ ಮನಸ್ಸಿನ ಮಾತು ಕೇಳುವವಳು. ಸಕ್ಕರೆಯ ವಿಷಯಕ್ಕೆ, "ಹೂಂ, ಪದ್ಧತಿ," ಎಂದು ಹೇಳಿ ಎದ್ದು ಬಂದೆ.

ಮರುದಿನ ತುಂಗಿ ಅರಿಶಿನದ ಕೊಂಬು ಕಟ್ಟಲು ಬಂದಳು. ನಾನು ಬೇಕೆಂದೇ ಒಳಗೆ ಉಳಿದೆ. ಅವಳು ದಾರ ಕಟ್ಟಿ, ಹೊಸ್ತಿಲಾಚೆ ಸ್ವಲ್ಪ ಹೊತ್ತು ಕಾದು ನಿಂತಳು. ನಾನು ಅಕ್ಕಿ ಆರಿಸುತ್ತಾ ತಲೆ ಎತ್ತಲಿಲ್ಲ. ಒಳಗೆ ಬರಬಹುದಿತ್ತು, ಬರಲಿಲ್ಲ. ನಾನು ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಅರಿಶಿನದ ದಿನ ಬೆಳಿಗ್ಗೆ ಗೂಟಕ್ಕೆ ಮೊರ ಹಾಕಿಬಿಡುವುದು, ಹೊಟ್ಟೆನೋವು ಎಂದು ಮಲಗಿಬಿಡುವುದು ಎಂದು ಆಗಲೇ ನಿರ್ಧಾರ ಮಾಡಿದೆ. ನಿರ್ಧಾರ ಮಾಡಿದ ಮೇಲೆ ಅಳು ಬಂತು. ನನ್ನ ಎದೆಹಾಲು ಕುಡಿದ ಕೂಸಿನ ಕೆನ್ನೆಗೆ ಅರಿಶಿನ ಹಚ್ಚುವುದನ್ನು ಇಷ್ಟು ವರ್ಷ ಎಷ್ಟು ಸಲ ನೆನೆಸಿಕೊಂಡಿದ್ದೆನೋ.

ಅರಿಶಿನದ ದಿನ ಬಂತು. ಪಕ್ಕದ ಮನೆಯ ಅಂಗಳದಲ್ಲಿ ಚಪ್ಪರ, ಬೀದಿಯ ಹೆಂಗಸರೆಲ್ಲ ಅಲ್ಲೇ. ನಾನು ಮೊರ ಹಿಡಿದು ಬಾಗಿಲಿಗೆ ಬಂದೆ. ಗೂಟದ ಮೇಲೆ, ಅರಿಶಿನದ ಕೊಂಬಿನ ಮಗ್ಗುಲಿಗೇ, ಅದೇ ನೂಲಿನ ಹಗ್ಗ. ನಡುವೆ ಗಟ್ಟಿಯಾದ ಗಂಟು.

ತುಂಗಿಯೇ ಕಟ್ಟಿದ್ದಾಳೆ, ಬೀದಿಯ ಮುಂದೆ ನನ್ನನ್ನು ಕೆಟ್ಟವಳು ಮಾಡಲು ಎಂಬುದೇ ಮೊದಲು ಹೊಳೆದದ್ದು. ಮುಟ್ಟಿ ನೋಡಿದೆ. ಒದ್ದೆಯಾಗಿತ್ತು, ಬಾವಿ ನೀರಿನ ವಾಸನೆ ಬರುತ್ತಿತ್ತು. ಅಂದವಾಗಿ ಸುರುಳಿ ಸುತ್ತಿ, ಬಿಚ್ಚಿಹೋಗದಿರಲಿ ಎಂದು ನಡುವೆ ಗಂಟು ಹಾಕಿತ್ತು. ಒಳ್ಳೆಯ ಮನೆಯ ಹೆಣ್ಣು ಎರವಲು ತಂದ ಹಗ್ಗವನ್ನು ಹಾಗೆಯೇ ಅಲ್ಲವೇ ಹಿಂತಿರುಗಿಸುವುದು. ಎದುರು ಗೂಟದಲ್ಲಿ ಕೊಡೆ ಇರಲಿಲ್ಲ, ವಾರಿಜ ಎಲ್ಲಿಗೋ ಹೋಗಿದ್ದಳು. ಚಪ್ಪರದ ಕೆಳಗಿನ ಮಾತು ಒಂದೊಂದಾಗಿ ನಿಂತಿತು. ಸಣ್ಣಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಂಗಳದ ಕೊಂಬಿನ ಪಕ್ಕದಲ್ಲಿ ಗಂಟು ಕಟ್ಟಿದವಳನ್ನು ಈ ಊರು ಕಂಡಿರಲಿಲ್ಲ. ನಾನು ಬಿಚ್ಚಿದರೆ ಸುಳ್ಳಿ, ಬಿಚ್ಚದಿದ್ದರೆ ರಾಕ್ಷಸಿ. ಮೊರ ಹಿಡಿದುಕೊಂಡೇ ಒಳಗೆ ಬಂದುಬಿಟ್ಟೆ.

ಆಗ ತುಂಗಿ ಚಪ್ಪರದಿಂದ ಎದ್ದು ಬಂದಳು. ರೇಷ್ಮೆ ಸೀರೆ, ಎರಡೂ ಕೈ ಮೊಣಕೈವರೆಗೆ ಅರಿಶಿನ, ಈಗಷ್ಟೇ ಕಲಸುತ್ತಿದ್ದಿರಬೇಕು. ಇಡೀ ಬೀದಿ ನೋಡುತ್ತಿತ್ತು. ಅವಳು ಯಾರ ಕಡೆಯೂ ನೋಡದೆ ನಮ್ಮ ಗೂಟದ ಮುಂದೆ ನಿಂತು ಗಂಟಿಗೆ ಕೈ ಹಾಕಿದಳು.

"ಲೇ ತುಂಗಿ, ಅದು ನಾನು ಕಟ್ಟಿದ್ದಲ್ಲ ಕಣೇ," ಎಂದೆ.

ನಾನು ಹೊಸ್ತಿಲ ಒಳಗಿದ್ದೆ. ಮಾತು ದಾಟಲಿಲ್ಲ. ಅವಳ ಬೆರಳು ಜಾರುತ್ತಿತ್ತು, ಒದ್ದೆ ಗಂಟು, ಅರಿಶಿನದ ಕೈ. ಬಿಚ್ಚುತ್ತಾ ಬಿಚ್ಚುತ್ತಾ ಅವಳ ತುಟಿ ಅಲ್ಲಾಡಿತು. ತಲೆ ತಗ್ಗಿಸಿಕೊಂಡೇ ಏನೋ ಹೇಳಿದಳು, ಉದ್ದದ ಮಾತೇ ಇರಬೇಕು, ನಡುವೆ ಒಮ್ಮೆ ಕಣ್ಣನ್ನು ತೋಳಿಗೆ ಒರೆಸಿಕೊಂಡಳು. ನನಗೆ ಒಂದಕ್ಷರ ಕೇಳಲಿಲ್ಲ. ಮೊರವನ್ನು ಅಲ್ಲೇ ಹಾಕಿ ಹೊಸ್ತಿಲು ದಾಟಿದೆ. ಅಷ್ಟರಲ್ಲಿ ಗಂಟು ಬಿಚ್ಚಿತ್ತು, ಮಾತೂ ಮುಗಿದಿತ್ತು.

"ಏನಂದೆ?" ಎಂದು ಕೇಳಿದೆ.

"ಎಲ್ಲಿ?"

"ಈಗ, ಬಿಚ್ಚುವಾಗ ಏನೋ ಅಂದೆಯಲ್ಲ."

"ಗಂಟು ಬಿಗಿಯಾಗಿದೆ ಅಂದೆ," ಎಂದು ತುಂಗಿ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಹಗ್ಗವೆಲ್ಲ ಹಳದಿಯಾಗಿತ್ತು. "ಅರಿಶಿನ ಒಣಗ್ತಿದೆ, ಇಂದು ಕಾಯ್ತಿದಾಳೆ. ಬರ್ತೀಯೋ ಇಲ್ವೋ?"

ಗಂಟು ನಾನು ಕಟ್ಟಿದ್ದಲ್ಲ ಎಂದು ಆಗ ಹೇಳಬಹುದಿತ್ತು. ಬೀದಿಯಲ್ಲೇ ನಿಂತಿದ್ದೆವು, ಅವಳಿಗೆ ಕೇಳುತ್ತಿತ್ತು. ಹೇಳಲಿಲ್ಲ. ಅವಳು ಬಿಚ್ಚಿದ್ದು ಬಿಚ್ಚಿದ ಹಾಗೇ ಇರಲಿ ಎನ್ನಿಸಿತು. ಅವಳ ಜೊತೆ ಹೋದೆ, ಇಂದುವಿನ ಎರಡೂ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದೆ. ಆಮೇಲೆ ಬೀದಿಯವರೆಲ್ಲರ ಮುಂದೆ ತುಂಗಿಯ ಅಂಗೈಗೆ ಸಕ್ಕರೆ ಹಾಕಿದೆ. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ನನ್ನನ್ನೇ ನೋಡುತ್ತಿದ್ದಳು.

ಈಗ ನಮ್ಮ ಬೀದಿಯಲ್ಲಿ ಅನೇಕರು ಗೂಟಕ್ಕೆ ಕೊಡೆ ಹಾಕುತ್ತಾರೆ. ಅದಕ್ಕೆ ಅರ್ಥವೂ ಇದೆ: ಏನಿದ್ದರೂ ಒಳಗೇ ಬಂದು ಕೇಳಿ ಎಂದು. ಅದನ್ನು ಯಾರು ಶುರುಮಾಡಿದರು ಎಂದು ವಾರಿಜಳೇ ಮೊನ್ನೆ ನನ್ನನ್ನು ಕೇಳಿದಳು, ಹಿಂದಿನಿಂದಲೂ ಹೀಗೇ ಎಂದೆ. ನಾನೂ ಒಂದು ಹಾಕಿದ್ದೇನೆ. ತುಂಗಿ ಅದನ್ನು ನೋಡಿ ಒಳಗೆ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ಮಗಳ ಸುದ್ದಿ ಹೇಳುತ್ತಾಳೆ. ಅವತ್ತು ಏನಂದೆ ಎಂದು ಇವತ್ತಿಗೂ ಕೇಳುತ್ತೇನೆ. ಗಂಟು ಬಿಗಿಯಾಗಿದೆ ಅಂದೆ ಎನ್ನುತ್ತಾಳೆ. ನಾನು ನಂಬಿಲ್ಲ, ಆದರೆ ಅವಳು ಬರುವ ಹೊತ್ತಾಯಿತೆಂದರೆ ಕೊಡೆ ಗೂಟದಲ್ಲೇ ಇದೆಯೇ ಎಂದು ಎದ್ದು ಹೋಗಿ ನೋಡಿ ಬರುತ್ತೇನೆ.